ಹತ್ತನೆಯ ತಿದ್ದುಪಡಿ

11 ಜನವರಿ

ಅಪ್ಪನಿಗೆ ನಮಸ್ಕಾರ.

ಅಕ್ಷರ ನೋಡಿ ಗಾಬರಿಯಾಗಬೇಡಿ, ಇದು ಎಡಗೈ ಬರಹ. ಗ್ರಂಥಾಲಯದ ಏಣಿಯಿಂದ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಿದ್ದೇನೆ. ಆರು ವಾರ ಪ್ಲಾಸ್ಟರು. ನೋವು ಕಡಿಮೆ, ಸಿಟ್ಟು ಜಾಸ್ತಿ.

ಮಹಾಪ್ರಬಂಧ ಮುಗಿದಿದೆ. ಗಿರಣಿಯ ಮಗ್ಗಗಳ ಸದ್ದು ಅಲ್ಲಿ ದುಡಿದವರ ಕಿವಿಯನ್ನು ಹೇಗೆ ತಿಂದುಹಾಕಿತು ಎನ್ನುವುದರ ಮೇಲೆ ನಾನೂರು ಪುಟ. ಅಮ್ಮನಂಥವರ ಕಥೆ. ಇಲ್ಲಿಯ ಟೈಪಿಸ್ಟು ನಾನೂರು ಪುಟವನ್ನೂ ತಕರಾರಿಲ್ಲದೆ ಟೈಪು ಮಾಡಿದರು. ಕೊನೆಯಲ್ಲಿ ಆಕರಗಳ ಪಟ್ಟಿ, ಅಂದರೆ ನಾನು ಯಾರ ಯಾವ ಬರಹದಿಂದ ಏನು ತೆಗೆದುಕೊಂಡೆ ಎಂದು ಓದುಗರಿಗೆ ಲೆಕ್ಕ ಒಪ್ಪಿಸುವ ಪಟ್ಟಿ, ಎಂದ ಕೂಡಲೇ ಕೈ ಮುಗಿದುಬಿಟ್ಟರು. "ಒಂದೊಂದು ಸಾಲಿಗೆ ಐದು ಚುಕ್ಕೆ, ನಾಲ್ಕು ಅಲ್ಪವಿರಾಮದ ಕೊಂಬು! ನನ್ನ ಕಣ್ಣು ಹೋಗ್ತವಮ್ಮ, ಬಿಟ್ಬಿಡಿ."

ಆಗ ನಿಮ್ಮ ನೆನಪಾಯಿತು. ಮೂವತ್ತು ವರ್ಷ ನಾಟಕದ ಒಬ್ಬೊಬ್ಬ ಪಾತ್ರಧಾರಿಗೂ ಮಾತು ಟೈಪು ಮಾಡಿ ಹಂಚಿದವರು ನೀವು. ನಿಮ್ಮ ಟೈಪಿನಲ್ಲಿ ಒಂದು ಅಲ್ಪವಿರಾಮವೂ ಜಾರಿದ್ದನ್ನು ನಾನು ನೋಡಿಲ್ಲ. ಪೆಟ್ಟಿಗೆಯಲ್ಲಿ ಮುನ್ನೂರ ಹನ್ನೆರಡು ಕಾರ್ಡುಗಳಿವೆ. ಒಂದು ಕಾರ್ಡಿಗೆ ಒಂದು ಆಕರ. ಮೊದಲು ಲೇಖಕರ ಮನೆತನದ ಹೆಸರು, ಆಮೇಲೆ ಸ್ವಂತ ಹೆಸರಿನ ಮೊದಲ ಅಕ್ಷರ, ವರ್ಷ, ಶೀರ್ಷಿಕೆ, ಪ್ರಕಾಶಕರು, ಪುಟ. ಪುಸ್ತಕದ ಹೆಸರಿನ ಕೆಳಗೆ ಗೆರೆ. ಇದ್ದದ್ದನ್ನು ಇದ್ದ ಹಾಗೆ ಸಾಲಾಗಿ ಕೂರಿಸಿದರೆ ಸಾಕು. ಫೆಬ್ರವರಿ ಹದಿನೆಂಟರೊಳಗೆ ನೇರವಾಗಿ ಇಲ್ಲಿಯ ಬೈಂಡಿಂಗಿನವರಿಗೆ ಕಳಿಸಿ. ನನಗೆ ಕಳಿಸಿ ಅದನ್ನು ನಾನು ಅವರಿಗೆ ಮುಟ್ಟಿಸುವುದರಲ್ಲಿ ಎರಡು ದಿನ ದಂಡ.

ಫೋನು ಬೇಡ. ಕೋಪ ಮಾಡಿಕೊಳ್ಳಬೇಡಿ. ಫೋನಿನಲ್ಲಿ ನಾನು ಅರ್ಧ ಮಾತಾಡುವಷ್ಟರಲ್ಲಿ ಉಳಿದರ್ಧವನ್ನು ನೀವೇ ಮುಗಿಸಿರುತ್ತೀರಿ. ಕಾಗದದಲ್ಲಾದರೆ ಕೊನೆಯ ಚುಕ್ಕೆಯನ್ನು ನಾನೇ ಇಡಬಹುದು.

ಈ ವರ್ಷ ಮುಗಿಸಲೇಬೇಕು. ಅಮ್ಮ ಕೊನೆಗೆ ಹೇಳಿ ಹೋದ ಮಾತನ್ನು ಉಳಿಸಿಕೊಳ್ಳಬೇಕಲ್ಲ.

ನಿಮ್ಮ ಮಗಳು


19 ಜನವರಿ

ಪ್ರೀತಿಯ ಮಗಳಿಗೆ, ನಿನ್ನ ಮುರಿದ ಕೈಗೂ ಮುರಿಯದ ಕೈಗೂ ಬೇರೆಬೇರೆಯಾಗಿ ಅಪ್ಪನ ಆಶೀರ್ವಾದ!

ಬಂತು! ಪೆಟ್ಟಿಗೆ ಬಂತು! ಅಂಚೆಯವರು ಅದನ್ನು ಹೊತ್ತು ತಂದಾಗ ಕೆಳಗೆ ತಾಲೀಮು ನಡೆದಿತ್ತು. ನಾನು ಸೈಡ್ ವಿಂಗಿನ ನನ್ನ ಸ್ಟೂಲಿನ ಮೇಲೆ ಪುಸ್ತಕ ಹಿಡಿದು ಕೂತಿದ್ದೆ. ರಾಜಾಪಾರ್ಟಿನವರು ಎದೆ ಉಬ್ಬಿಸಿ "ಎಲವೋ ದ್ರೋಹಿ" ಎಂದವರು ಮುಂದಿನದನ್ನು ಮರೆತು ನನ್ನ ಕಡೆ ಕಣ್ಣು ಹಾಯಿಸಿದರು. ನಾನಿಲ್ಲ! ಮೂವತ್ತು ವರ್ಷದಲ್ಲಿ ಮೊದಲ ಸಲ, ತಾಲೀಮಿನ ನಡುವೆ, ಮರೆತ ಮಾತನ್ನು ಪಿಸುಗುಟ್ಟಿ ಕೊಡುವ ಪ್ರಾಂಪ್ಟರು ಜಾಗದಲ್ಲಿಲ್ಲ! ನಾನು ಬಾಗಿಲಲ್ಲಿ ಅಂಚೆ ರಸೀದಿಗೆ ಸಹಿ ಹಾಕುತ್ತಿದ್ದೆ. ಪಾಪ, ಅವರು ಮೂರು ಸಲ "ಎಲವೋ" ಎಂದರಂತೆ. ದ್ರೋಹಿಯ ಪಾತ್ರದವರೇ ಕೊನೆಗೆ "ಏನ್ ಸ್ವಾಮಿ, ಹೇಳಿ ಮುಗಿಸಿ, ನಾನು ಸಾಯೋದು ಯಾವಾಗ?" ಎಂದು ಕೇಳಿದರು.

ಮೇಲಿನ ನನ್ನ ಕೋಣೆಯಲ್ಲಿ ಉಡುಪಿನ ಪೆಟ್ಟಿಗೆಗಳನ್ನು ಗೋಡೆಗೆ ಒತ್ತಿ, ಮಂಚದ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ನೆಲದ ಮೇಲೆ, ಎಲ್ಲೆಲ್ಲೂ ಕಾರ್ಡು ಹರಡಿದ್ದೇನೆ. ಎಂಥ ಜನಸ್ತೋಮ! ಕಿವಿಯ ಡಾಕ್ಟರುಗಳು, ಗಿರಣಿಯ ಇನ್ಸ್‌ಪೆಕ್ಟರುಗಳು, ಸದ್ದು ಅಳೆಯುವ ಎಂಜಿನಿಯರುಗಳು! ಎಲ್ಲರನ್ನೂ ಅಕಾರಾದಿಯಾಗಿ ನಿಲ್ಲಿಸಬೇಕು. ನಿಲ್ಲಿಸುತ್ತೇನೆ.

ಆದರೆ ಒಂದು ಮಾತು. ಮನೆತನದ ಹೆಸರು ಪೂರ್ತಿ, ಸ್ವಂತ ಹೆಸರಿಗೆ ಒಂದೇ ಅಕ್ಷರವೇ? ರಾಜಾಪಾರ್ಟಿನವರಿಗೆ ಈ ಪದ್ಧತಿ ವಿವರಿಸಿದೆ. "ನನ್ನ ಹೆಸರನ್ನ ಒಂದಕ್ಷರಕ್ಕೆ ಇಳಿಸಿದ ದಿನ ನಾನು ಬಣ್ಣಾನೇ ಹಚ್ಚಲ್ಲ" ಅಂದರು. ಇನ್ನೂ ಒಂದು. ಆರು ಜನ ಸೇರಿ ಬರೆದ ಲೇಖನಕ್ಕೆ ಮೊದಲನೆಯವರ ಹೆಸರು ಹಾಕಿ ಉಳಿದ ಐವರನ್ನು "ಮತ್ತು ಇತರರು" ಎಂದು ಮೂಲೆಗೆ ತಳ್ಳಿದ್ದೀಯಲ್ಲ! ಮಗಳೇ, ಅವರು ನಮ್ಮವರು! ಕಂಪನಿಯ ಪೋಸ್ಟರಿನಲ್ಲಿ ಮೂವತ್ತು ವರ್ಷದಿಂದ ನಾನೂ "ಮತ್ತು ಇತರರು".

ನಿನ್ನ ಪುಟ್ಟ ಕೊಂಬುಗಳ ಕಾವಲುಗಾರ,
ಅಪ್ಪ


2 ಫೆಬ್ರವರಿ

ಅಪ್ಪನಿಗೆ,

ನಿಮ್ಮ ಕಾಗದವನ್ನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಓದಿ ಜೋರಾಗಿ ನಕ್ಕೆ. ಪಕ್ಕದ ಕೋಣೆಯವಳು ಬಾಗಿಲು ತೆರೆದು "ಸದ್ದಿನ ಮೇಲೆ ಸಂಶೋಧನೆ ಮಾಡೋರು ಹಿಂಗೆ ಸದ್ದು ಮಾಡ್ತಾರಾ?" ಎಂದಳು.

ಚುಕ್ಕೆ ಎಲ್ಲಿ, ಕೊಂಬು ಎಲ್ಲಿ ಎಂದು ಕೇಳಿ ಬೇರೆ ಕಾರ್ಡಿನಲ್ಲಿ ಬರೆದಿದ್ದಿರಿ. ವರ್ಷದ ನಂತರ ಚುಕ್ಕೆ. ಪ್ರಕಾಶಕರ ಹೆಸರಿನ ನಂತರ ಅಲ್ಪವಿರಾಮ. ಪುಟಗಳ ನಡುವೆ ಸಣ್ಣ ಅಡ್ಡಗೆರೆ.

ಇಷ್ಟು ಹಟ ಏಕೆ ಎಂದರೆ, ನನ್ನ ಪ್ರಬಂಧ ಹೋಗುವುದು ಹಿಂಬದಿ ಮೇಷ್ಟ್ರ ಕೈಗೆ. ಇಲ್ಲಿ ಅವರಿಗೆ ಎಲ್ಲರೂ ಇಟ್ಟ ಹೆಸರು ಅದು. ಯಾರದೇ ಪ್ರಬಂಧ ಬರಲಿ, ಕೊನೆಯ ಪುಟದಿಂದ ಓದಲು ಶುರು ಮಾಡುತ್ತಾರೆ. ಆಕರಗಳ ಪಟ್ಟಿಯಲ್ಲಿ ನಾಲ್ಕೈದು ಕಡೆ ಕಣ್ಣು ಮುಚ್ಚಿ ಬೆರಳಿಟ್ಟು, ಆ ಪುಸ್ತಕಗಳನ್ನು ತರಿಸಿ, ಹೇಳಿದ ಪುಟದಲ್ಲಿ ಹೇಳಿದ ಮಾತು ಇದೆಯೇ ಎಂದು ನೋಡುತ್ತಾರೆ. ಇಲ್ಲವಾದರೆ ಮುಂದಕ್ಕೆ, ಅಂದರೆ ಹಿಂದಕ್ಕೆ, ಓದುವುದೇ ಇಲ್ಲ. ಹೋದ ವರ್ಷ ಒಬ್ಬರ ಏಳು ವರ್ಷದ ಕೆಲಸ ಹಾಗೆ ವಾಪಸು ಬಂತು. ಅವರು ಈಗ ಊರಲ್ಲಿಲ್ಲ.

ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಿ ತಾನೆ?

ನಿಮ್ಮ ಮಗಳು


17 ಫೆಬ್ರವರಿ

ವಿಜಯೀಭವ, ಮಗಳೇ!

ಮುಗಿಯಿತು! ಹತ್ತೊಂಬತ್ತು ಹಾಳೆ, ಮುನ್ನೂರ ಹನ್ನೆರಡು ಸಾಲು, ಒಂದೇ ಒಂದು ಅಕ್ಷರವೂ ಒಡೆದಿಲ್ಲ. ಬೈಂಡಿಂಗಿನವರಿಗೆ ಹದಿನಾಲ್ಕನೇ ತಾರೀಕೇ ರಿಜಿಸ್ಟರು ಮಾಡಿದೆ, ತಲುಪಿತೆಂದು ತಂತಿಯೂ ಬಂತು. ಮ್ಯಾನೇಜರು ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿ "ಇದನ್ನ ಫ್ರೇಮು ಹಾಕಿಸ್ಬೇಕು ಕಣಯ್ಯಾ" ಎಂದರು.

ಆದರೆ ನಿನ್ನ ಸೈನ್ಯದಲ್ಲಿ ಒಂಬತ್ತು ಜನ ಬಾಯಿ ಬಿಟ್ಟುಕೊಂಡು ನಿಂತಿದ್ದರು! ಒಬ್ಬರಿಗೆ ವರ್ಷವಿಲ್ಲ, ಇಬ್ಬರಿಗೆ ಪ್ರಕಾಶಕರಿಲ್ಲ, ಉಳಿದವರಿಗೆ ಪುಟವಿಲ್ಲ. ಎಲ್ಲಾ ನೀನು ಹೋದ ಬೇಸಿಗೆಯಲ್ಲಿ ಇಲ್ಲಿಗೆ ಬಂದಾಗ ಅವಸರದಲ್ಲಿ ಬರೆದ ಕಾರ್ಡುಗಳು. ನಾನು ಬಿಡುತ್ತೇನೆಯೇ? ರಂಗದ ಮೇಲೆ ಬರಿದು ಬಿಡುವುದೆಂದರೆ ಈ ಜೀವಕ್ಕೆ ಆಗದ ಮಾತು. ಮೂರೆಣಿಸುವುದರೊಳಗೆ ಮಾತು ಬರದಿದ್ದರೆ ಒಳಗಿಂದ ಕೊಟ್ಟುಬಿಡಬೇಕು. ನಾಟಕ ನಿಲ್ಲಬಾರದು!

ಕೊಟ್ಟೆ. ಮಗ್ಗದ ಸದ್ದಿನ ಮೇಲೆ ಬರೆದ ಆ ದೊಡ್ಡ ಡಾಕ್ಟರರ ಲೇಖನಕ್ಕೆ ಪುಟ 41ರಿಂದ 58. ಅಷ್ಟು ಉದ್ದದ ಶೀರ್ಷಿಕೆಗೆ ಹದಿನೆಂಟು ಪುಟವಾದರೂ ಬೇಡವೇ! ಕಾರ್ಮಿಕರ ಕೈಪಿಡಿ ಪ್ರಕಾಶಕರಿಲ್ಲದೆ ಅನಾಥವಾಗಿತ್ತು. ನಮ್ಮ ನಾಟಕದ ಕರಪತ್ರ ಅಚ್ಚು ಹಾಕುವ ಪ್ರೆಸ್ಸಿನ ಹೆಸರು ಕೊಟ್ಟು ಮನೆ ಮಾಡಿಕೊಟ್ಟೆ. ವರ್ಷವಿಲ್ಲದ ಕರಪತ್ರಕ್ಕೆ ನಿನ್ನಮ್ಮ ಗಿರಣಿಗೆ ಸೇರಿದ ವರ್ಷ ಹಾಕಿದೆ. ಎಷ್ಟು ಚೆನ್ನಾಗಿ ಹೊಂದಿಕೊಂಡಿವೆ ಎಂದರೆ, ಯಾವುದು ನಿನ್ನದು ಯಾವುದು ನನ್ನದು ಎಂದು ನನಗೇ ಗೊತ್ತಾಗುವುದಿಲ್ಲ!

ಪರದೆ ಎಳೆಯಲಿ!
ಅಪ್ಪ


22 ಫೆಬ್ರವರಿ

ಅಪ್ಪಾ,

ಯಾವ ಒಂಬತ್ತು?

ನಿಮ್ಮ ಕಾಗದ ನಿನ್ನೆ ಬಂತು. ಮೊನ್ನೆಯೇ ಐದೂ ಪ್ರತಿಗಳಿಗೆ ರಟ್ಟು ಹಾಕಿ ಕಚೇರಿಗೆ ಒಪ್ಪಿಸಿ ಬಂದಿದ್ದೆ. ಪ್ಲಾಸ್ಟರು ಕೈಯಲ್ಲಿ ಪಟ್ಟಿಯನ್ನು ಮಗುಚಿ ನೋಡಿ, ಎಷ್ಟು ಚೊಕ್ಕ ಎಂದು ಹೆಮ್ಮೆಪಟ್ಟಿದ್ದೆ. ಖಾಲಿಗಳು ನನಗೆ ನೆನಪಿರಲಿಲ್ಲ. ಖಾಲಿ ಇದ್ದಿದ್ದರೆ ಕಣ್ಣಿಗೆ ಹೊಡೆಯುತ್ತಿತ್ತು, ತುಂಬಿಕೊಳ್ಳುತ್ತಿದ್ದೆ. ನೀವು ಕಣ್ಣಿಗೆ ಹೊಡೆಯದ ಹಾಗೆ ಮಾಡಿದಿರಿ.

ಅಪ್ಪಾ, ಇದಕ್ಕೆ ಇಲ್ಲಿ ಒಂದೇ ಹೆಸರು. ಸೃಷ್ಟಿ ಮಾಡಿದ ಆಧಾರ. ಹಿಂಬದಿ ಮೇಷ್ಟ್ರು ಆ ಒಂಬತ್ತರಲ್ಲಿ ಒಂದರ ಮೇಲೆ ಬೆರಳಿಟ್ಟರೆ ನನ್ನ ಆರು ವರ್ಷ ಹೋಯಿತು. ನಾನು ಅಪ್ಪನ ಮೇಲೆ ಹಾಕಿ ತಪ್ಪಿಸಿಕೊಳ್ಳಲಾರೆ. ಹೆಸರು ನನ್ನದು.

ಗೈಡ್ ಮೇಡಂ ಹತ್ತಿರ ಅತ್ತುಬಿಟ್ಟೆ. ಅವರು ಹೇಳಿದ ದಾರಿ ಒಂದೇ. ಪ್ರತಿಗಳು ಪರೀಕ್ಷಕರಿಗೆ ಹೋಗುವುದು ಮಾರ್ಚ್ 31ಕ್ಕೆ. ಅಷ್ಟರೊಳಗೆ ಒಂದು ತಿದ್ದುಪಡಿ ಹಾಳೆ ಅಂಟಿಸಬಹುದು. ಒಂದೇ ಸಲ, ಒಂದೇ ಹಾಳೆ. ಇಂಥ ಪುಟದಲ್ಲಿ ಹೀಗಿದೆ, ಹೀಗೆ ಓದಿಕೊಳ್ಳಬೇಕು ಎಂದು. ಆಮೇಲೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ.

ಚಿಕ್ಕವಳಿದ್ದಾಗ ನೆಂಟರು "ನಿನ್ನ ಹೆಸರೇನಮ್ಮ?" ಎಂದರೆ, ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನೀವು ಹೇಳಿಬಿಡುತ್ತಿದ್ದಿರಿ. ನನಗೆ ಗೊತ್ತಿತ್ತು, ಅಪ್ಪಾ. ನಾನು ಹೇಳುವವಳಿದ್ದೆ.

ಮಗಳು


26 ಫೆಬ್ರವರಿ

ಮಗಳೇ,

ಒಂಬತ್ತು ಕಾರ್ಡುಗಳನ್ನೂ ಹುಡುಕಿ ಬೇರೆ ಇಟ್ಟಿದ್ದೇನೆ. ಕಂಪನಿಗೆ ಒಂದು ತಿಂಗಳ ರಜೆ ಹೇಳಿದ್ದೇನೆ. ಪುಸ್ತಕಗಳೆಲ್ಲ ಈ ಊರಿನಲ್ಲೇ ಇವೆ. ನಾನೇ ಹೋಗಿ ನೋಡುತ್ತೇನೆ. ನೋಡಿದ್ದನ್ನು ಮಾತ್ರ ಬರೆಯುತ್ತೇನೆ.

ಅಪ್ಪ


14 ಮಾರ್ಚ್

ಮಗಳೇ,

ಎಂಟು ಸಿಕ್ಕವು. ಮೊದಲು ಅದನ್ನು ಹೇಳಿ, ಆಮೇಲೆ ಉಸಿರು ಬಿಡುತ್ತೇನೆ. ಎಂಟು! ನಿಜವಾದ ಎಂಟು! ಪಟ್ಟಿ ಬೇರೆ ಹಾಳೆಯಲ್ಲಿದೆ. ಪ್ರತಿ ಸಾಲನ್ನೂ ಪುಸ್ತಕ ಎದುರಿಟ್ಟುಕೊಂಡು ಬರೆದು, ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ತಾಳೆ ನೋಡಿದ್ದೇನೆ.

ಮೊದಲು ಕಿವಿ ಆಸ್ಪತ್ರೆಯ ಗ್ರಂಥಾಲಯ. ಅಲ್ಲಿ ದಪ್ಪ ಕನ್ನಡಕದ ಒಬ್ಬ ಅಮ್ಮ ಇದ್ದಾರೆ. ನಾನು ಒಳಗೆ ಕಾಲಿಟ್ಟು ನನ್ನ ಧಾಟಿಯಲ್ಲಿ "ತಾಯೀ! ಮಗ್ಗದ ಸದ್ದನ್ನು ಕುರಿತ ಲೇಖನವೊಂದನ್ನು ಅರಸಿ ಬಂದಿದ್ದೇನೆ!" ಎಂದೆ. ಅವರು ತುಟಿಯ ಮೇಲೆ ಬೆರಳಿಟ್ಟು, "ಇಲ್ಲಿ ಕಿವಿ ಕೇಳದವರು ಬರೋದು ಪಕ್ಕದ ಕಟ್ಟಡಕ್ಕೆ. ಇಲ್ಲಿರೋರಿಗೆಲ್ಲ ಕೇಳ್ಸತ್ತೆ. ಮೆಲ್ಲಗೆ" ಎಂದರು. ಮೂವತ್ತು ವರ್ಷ ಪಿಸುಗುಟ್ಟಿಯೇ ಅನ್ನ ತಿಂದವನಿಗೆ ಪಿಸುಗುಟ್ಟಲು ಹೇಳಿಕೊಟ್ಟ ಮಹಾತಾಯಿ!

ಹದಿನೆಂಟು ಪುಟ ಕೊಟ್ಟಿದ್ದೆನಲ್ಲ, ಆ ದೊಡ್ಡ ಡಾಕ್ಟರರಿಗೆ? ಲೇಖನ ಇರುವುದು ಎರಡೇ ಪುಟ. ಏಳು ಮತ್ತು ಎಂಟು. ಎಂಟನೆಯದರಲ್ಲೂ ಅರ್ಧ ಪುಟ ಕಿವಿಯ ಔಷಧಿಯ ಜಾಹೀರಾತು. ಹಾಳೆಯ ಮೇಲೆ ಬೆರಳಿಟ್ಟುಕೊಂಡೇ ಕೂತೆ. ಹಿಂಬದಿ ಮೇಷ್ಟ್ರು ಬಂದು ಪುಟ 41 ತೆರೆದಿದ್ದರೆ? ಅಲ್ಲಿ ಏನಿದೆ ಎಂದೂ ನೋಡಿದೆ. ಹಲ್ಲುಜ್ಜುವ ಪುಡಿಯ ಬಗ್ಗೆ ಬರೆದಿತ್ತು. ಪುಸ್ತಕ ಮುಚ್ಚಿ, ಮತ್ತೆ ತೆರೆದು ನೋಡಿದೆ.

ಕನ್ನಡಕದಮ್ಮ ಬಂದು "ಏನಾಯ್ತು, ಸಿಗಲಿಲ್ವಾ?" ಎಂದರು.

"ಸಿಕ್ತು, ಅದೇ ಭಯ" ಎಂದೆ.

ಅವರು ಎದುರು ಕೂತರು. ನಾನು ಮಾಡಿದ್ದನ್ನು ಹೇಳಿದೆ. ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. "ಯಜಮಾನ್ರೇ, ನೀವು ಹಾಕಿದ ನಂಬರು ಹಿಡಿದು ಇನ್ನೊಬ್ಬ ಹುಡುಗಿ ಇಲ್ಲಿಗೆ ಬರ್ತಾಳೆ. ಇಡೀ ಬೆಳಗ್ಗೆ ಹುಡುಕ್ತಾಳೆ. ಸಿಗಲ್ಲ. ತನಗೇ ಹುಡುಕೋಕೆ ಬರಲ್ಲ ಅಂದ್ಕೊಂಡು ಹೋಗ್ತಾಳೆ. ಅಂಥವರನ್ನ ನಾನು ದಿನಾ ನೋಡ್ತೀನಿ" ಎಂದರು.

ಇದು ನನಗೆ ಹೊಳೆದೇ ಇರಲಿಲ್ಲ, ಮಗಳೇ. ರಂಗದ ಮೇಲೆ ನಾನು ಕೊಟ್ಟ ಮಾತು ಆ ಕ್ಷಣಕ್ಕೆ ಆಡಿ ಮುಗಿಯುತ್ತದೆ. ಅದನ್ನು ನಂಬಿಕೊಂಡು ಮನೆಗೆ ಹೋಗಿ ಬಾಗಿಲು ತಟ್ಟುವವರು ಯಾರೂ ಇರುವುದಿಲ್ಲ.

ಉಳಿದ ಏಳನ್ನು ಗಿರಣಿ ಸಂಘದ ಓದುಕೋಣೆಯಲ್ಲೂ ಊರಿನ ಗ್ರಂಥಾಲಯದಲ್ಲೂ ಹಿಡಿದೆ. ಸಿಗದೇ ಉಳಿದದ್ದು ಒಂದೇ, "ಕಿವಿಗೆ ಹತ್ತಿ ಇಟ್ಟುಕೊಳ್ಳಿ" ಎಂಬ ಆ ನಾಲ್ಕು ಹಾಳೆಯ ಕರಪತ್ರ. ಕರಪತ್ರ ಇದೆ, ಕೈಯಲ್ಲೇ ಹಿಡಿದಿದ್ದೆ. ಅದರಲ್ಲಿ ವರ್ಷ ಅಚ್ಚಾಗಿಲ್ಲ. ಸಂಘದ ಮೂವರು ಹಿರಿಯರನ್ನು ಕೇಳಿದೆ, ಮೂವರೂ ಮೂರು ವರ್ಷ ಹೇಳಿ ಅಲ್ಲೇ ಜಗಳಕ್ಕೆ ನಿಂತರು. ಏನು ಮಾಡಲಿ? ಖಾಲಿ ಬಿಟ್ಟರೆ ಹಿಂಬದಿ ಮೇಷ್ಟ್ರು ಸುಮ್ಮನಿರುತ್ತಾರೆಯೇ?

ನಿನ್ನ ಅಪ್ಪ


18 ಮಾರ್ಚ್

ಅಪ್ಪನಿಗೆ,

ಎಂಟು! ಗೈಡ್ ಮೇಡಂ ನಿಮ್ಮ ಹಾಳೆಯನ್ನು ನೋಡಿ "ಇವರನ್ನ ನಮ್ಮ ಡಿಪಾರ್ಟ್‌ಮೆಂಟಿಗೆ ಕಳಿಸ್ತೀರಾ?" ಎಂದು ಕೇಳಿದರು. ಮೂರು ವಾರದ ಮೇಲೆ ಇವತ್ತು ಊಟ ರುಚಿಸಿತು.

ಒಂಬತ್ತನೆಯದಕ್ಕೆ ಚಿಂತೆ ಬೇಡ. ಅದಕ್ಕೂ ಒಂದು ರೀತಿ ಇದೆ. ವರ್ಷ ಬರೆಯುವ ಜಾಗದಲ್ಲಿ "ವರ್ಷ ನಮೂದಿಸಿಲ್ಲ" ಎಂದು ಹಾಕಬೇಕು. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಹುಡುಕಿದೆ, ನೋಡಿದೆ, ಅದರಲ್ಲಿ ಇಲ್ಲ, ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗೆ. ಹಿಂಬದಿ ಮೇಷ್ಟ್ರೇ ತರಗತಿಯಲ್ಲಿ ಹೇಳಿಕೊಟ್ಟದ್ದು.

ತಿದ್ದುಪಡಿ ಹಾಳೆಯನ್ನು ಇಪ್ಪತ್ತೊಂಬತ್ತಕ್ಕೆ ಕೊಡುತ್ತೇನೆ. ಅದಾದ ಮೇಲೆ ನನ್ನ ಪ್ರಬಂಧದಲ್ಲಿ ಆಧಾರವಿಲ್ಲದ ಸಾಲು ಒಂದೂ ಇರುವುದಿಲ್ಲ.

ಹಿಂದಿನ ಕಾಗದದಲ್ಲಿ ಒರಟಾಗಿ ಬರೆದೆ. ಇದರ ಜೊತೆ ಪ್ರಬಂಧದ ಮೊದಲ ಹಾಳೆಯ ಪ್ರತಿ ಇಟ್ಟಿದ್ದೇನೆ, ಅರ್ಪಣೆಯ ಪುಟ. ನಿಮಗೆ ಮೊದಲೇ ತೋರಿಸಬೇಕಿತ್ತು: "'ಓದು ಮುಗಿಸು ಅಂತ ಅವಳಿಗೆ ಹೇಳಿ' ಎಂದು ಕೊನೆಯ ಮಾತಾಡಿದ ಅಮ್ಮನಿಗೆ."

ನಿಮ್ಮ ಮಗಳು


22 ಮಾರ್ಚ್

ಮಗಳೇ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ಅರ್ಪಣೆಯ ಹಾಳೆಯನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದೇನೆ.

ನಿನ್ನ ಕಾರ್ಡುಗಳಲ್ಲಿ ಖಾಲಿ ಇದ್ದದ್ದು ಒಂಬತ್ತು. ನಾನು ತುಂಬಿದ್ದು ಹತ್ತು. ಹತ್ತನೆಯದು ಈ ಹಾಳೆಯಲ್ಲಿದೆ.

ನಿನ್ನಮ್ಮ ಆ ಮಾತು ಹೇಳಲಿಲ್ಲ.

ನೀನು ವಿಶ್ವವಿದ್ಯಾಲಯದ ಸಂದರ್ಶನಕ್ಕೆಂದು ಹೋಗಿದ್ದೆ. ಮಾರನೇ ದಿನ ಬಂದವಳು ಆಸ್ಪತ್ರೆಯ ಬಾಗಿಲಲ್ಲಿ ಬ್ಯಾಗು ಹಿಡಿದೇ ನಿಂತು "ಅಮ್ಮ ಏನಾದ್ರೂ ಹೇಳಿದ್ಲಾ ಅಪ್ಪಾ?" ಎಂದೆ. ನಾನು ಸುಮ್ಮನಿದ್ದೆ. ನೀನೂ ಸುಮ್ಮನಿದ್ದೆ. ಒಂದು, ಎರಡು, ಮೂರು. ನನ್ನಿಂದ ತಡೆಯಲಾಗಲಿಲ್ಲ. ಕೊಟ್ಟುಬಿಟ್ಟೆ. ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ, ಒಂದೆರಡು ವರ್ಷದಲ್ಲಿ ಅವಳೇ ಹೇಳಿದಳೆಂದು ನಾನೂ ನಂಬಿದ್ದೆ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಸ್ಥಳ, ಹೆಂಗಸರ ವಾರ್ಡು, ಕಿಟಕಿಯಿಂದ ಎರಡನೇ ಹಾಸಿಗೆ. ಹೊತ್ತು, ಮಧ್ಯಾಹ್ನ ಮೂರರ ಸುಮಾರು. ಪಕ್ಕದಲ್ಲಿದ್ದವರು, ನಾನೊಬ್ಬನೇ. ಅವಳು ಮೇಲೆ ನೋಡುತ್ತಾ ಮಲಗಿದ್ದಳು. ನನ್ನ ಮೊಣಕೈ ತಟ್ಟಿ, ಕಿವಿ ಕೇಳದವರು ಮಾತಾಡುವ ಆ ದೊಡ್ಡ ದನಿಯಲ್ಲಿ, ವಾರ್ಡಿಗೆಲ್ಲ ಕೇಳುವ ಹಾಗೆ ಕೇಳಿದಳು. "ಈ ಫ್ಯಾನು ಸದ್ದು ಮಾಡುತ್ತಾ?"

ಹೌದೆಂದು ತಲೆ ಆಡಿಸಿದೆ.

"ಹಂಗಿದ್ರೆ ನಿಮಗೆ ಇಲ್ಲಿ ನಿದ್ದೆ ಬರಲ್ಲ. ಮನೆಗೆ ಹೋಗಿ ಮಲಗಿ. ನನಗೇನು, ನಾನು ಮಲಗ್ತೀನಿ."

ಇನ್ನೊಂದು ಉಳಿದಿದೆ, ಅದನ್ನೂ ಹೇಳಿಬಿಡುತ್ತೇನೆ. ನಾನು ಹೋದೆ. ಐದು ದಿನದಿಂದ ಕುರ್ಚಿಯಲ್ಲೇ ಕೂತಿದ್ದೆ. ಮನೆಗೆ ಹೋಗಿ, ಕಾಲು ಚಾಚಿ ಮಲಗಿಬಿಟ್ಟೆ. ಬೆಳಗ್ಗೆ ಆರಕ್ಕೆ ಬಂದಾಗ ಹೊದಿಕೆ ಮಡಿಸಿಟ್ಟಿತ್ತು. ಸಿಸ್ಟರು "ಐದಕ್ಕೆ ಹೋದರು, ನಿದ್ದೆಯಲ್ಲೇ" ಎಂದರು. ಆಟದ ನಡುವೆ ಒಮ್ಮೆಯೂ ಜಾಗ ಬಿಟ್ಟು ಕದಲದವನು ಆ ದಿನ ಅಲ್ಲಿರಲಿಲ್ಲ. ಕೊನೆಯ ಮಾತು ಏನೆಂದು ನೀನು ಕೇಳಿದಾಗ, ನಾನು ಅಲ್ಲಿರಲಿಲ್ಲ ಎನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ.

ತಿದ್ದುಪಡಿಗೆ ಇನ್ನೂ ಏಳು ದಿನವಿದೆ. ಇದನ್ನು ಏನು ಮಾಡಬೇಕೆಂದು ನಾನು ಹೇಳುವುದಿಲ್ಲ.

ಅಪ್ಪ


27 ಮಾರ್ಚ್

ಅಪ್ಪಾ,

ಸಿಟ್ಟು ಬಂತು. ಬರಲಿಲ್ಲ ಎಂದು ಬರೆದರೆ ಅದೂ ಸೃಷ್ಟಿ ಮಾಡಿದ ಆಧಾರವಾಗುತ್ತದೆ. ಕಾಗದ ಮಡಿಸಿ ಕೆರೆಯ ಸುತ್ತ ಎರಡು ಸುತ್ತು ನಡೆದೆ. ಎರಡನೇ ಸುತ್ತಿನಲ್ಲಿ ಆ ಫ್ಯಾನಿನ ಮಾತು ನೆನಪಾಗಿ, ದಾರಿಯಲ್ಲೇ ನಿಂತು ನಕ್ಕುಬಿಟ್ಟೆ. ಅಪ್ಪಾ, ಇದು ಅಮ್ಮ! ಇದು ನಮ್ಮಮ್ಮನೇ! ಓದು ಮುಗಿಸು ಎಂಬ ಆ ಇನ್ನೊಂದು ಮಾತು ಯಾವತ್ತೂ ಅವಳ ಬಾಯಿಗೆ ಸರಿಯಾಗಿ ಕೂತಿರಲಿಲ್ಲ. ಯಾವುದೋ ನಾಟಕದ ತಾಯಿ ಆಡಿದ ಹಾಗಿತ್ತು.

ಆ ಮಾತು ನನಗೆ ಏನು ಮಾಡಿತ್ತೆಂದು ನಿಮಗೆ ಹೇಳಿರಲಿಲ್ಲ. ಮೂರು ಸಲ ಓದು ಬಿಟ್ಟುಬಿಡೋಣ ಅನ್ನಿಸಿತ್ತು. ಬಿಡಲು ಹೆದರಿಕೆ. ಅದಕ್ಕಿಂತ ದೊಡ್ಡದು ಇನ್ನೊಂದು. ಹೋಗುವಾಗ ಅಮ್ಮ ನನ್ನನ್ನು ನೆನೆಯಲಿಲ್ಲ, ನನ್ನ ಪದವಿಯನ್ನು ನೆನೆದಳು ಎಂದು ಆರು ವರ್ಷ ಒಳಗೊಳಗೇ ಕೊರಗಿದ್ದೆ. ಈಗ ನೋಡಿದರೆ ಅವಳಿಗೆ ಯಾರ ಪದವಿಯ ಚಿಂತೆಯೂ ಇರಲಿಲ್ಲ. ನಿಮಗೆ ನಿದ್ದೆ ಬರುತ್ತೋ ಇಲ್ಲವೋ ಎಂಬುದು ಚಿಂತೆ. ತಾನು ಹಾಯಾಗಿ ಮಲಗಿದಳು.

ಇನ್ನೊಂದು. ಅಮ್ಮ ಹೋಗುವಾಗ ಅಲ್ಲಿರದೇ ಹೋದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಈಗ ಇಬ್ಬರಾದೆವು. ಇದರಿಂದ ಎದೆ ಹಗುರಾಯಿತು ಎಂದರೆ ತಪ್ಪು ತಿಳಿಯುತ್ತೀರಾ? ಅವಳೇ ಕಳಿಸಿದ್ದು, ಅಪ್ಪಾ. ನೀವು ಅವಳ ಮಾತು ಕೇಳಿ ಹೋದಿರಿ.

ತಿದ್ದುಪಡಿ ಹಾಳೆ ಇವತ್ತೇ ಕೊಟ್ಟು ಬಂದೆ. ಗುಮಾಸ್ತರು ಎಣಿಸಿ, "ಒಂಬತ್ತು ಅಂದಿದ್ರಿ, ಹತ್ತಿದಾವೆ" ಎಂದರು. "ಹತ್ತೇ ಸರ್" ಎಂದೆ. ಕೊನೆಯ ಸಾಲು ಹೀಗಿದೆ:

ಅರ್ಪಣೆಯ ಪುಟದಲ್ಲಿರುವುದನ್ನು ಬಿಟ್ಟು, "'ಈ ಫ್ಯಾನು ಸದ್ದು ಮಾಡುತ್ತಾ?' ಎಂದು ಕೇಳಿದ ಅಮ್ಮನಿಗೆ" ಎಂದು ಓದಿಕೊಳ್ಳಬೇಕು.

ಮಗಳು


9 ಜೂನ್

ಅಪ್ಪಾ, ಅಪ್ಪಾ, ಅಪ್ಪಾ!

ಆಯಿತು! ಬಲಗೈಯಲ್ಲಿ ಬರೆಯುತ್ತಿದ್ದೇನೆ, ನೋಡಿ!

ಮೌಖಿಕ ಪರೀಕ್ಷೆ ಬೆಳಗ್ಗೆ ಹನ್ನೊಂದಕ್ಕೆ. ಉದ್ದ ಮೇಜು, ಆ ತುದಿಯಲ್ಲಿ ಹಿಂಬದಿ ಮೇಷ್ಟ್ರು. ತೆಳ್ಳಗೆ, ಸಣ್ಣ ದನಿ. ಪ್ರಬಂಧವನ್ನು ಮಗುಚಿ ಹಿಂದಿನಿಂದ ತೆರೆದರು. ಮೊದಲು ಸಿಕ್ಕಿದ್ದೇ ತಿದ್ದುಪಡಿ ಹಾಳೆ.

"ಹತ್ತು ತಪ್ಪು ಮಾಡಿದ್ದೀರಿ" ಎಂದರು.

"ಹೌದು ಸರ್."

"ಯಾರು ಹಿಡಿದಿದ್ದು?"

"ಮಾಡಿದವರೇ ಸರ್."

ಹುಬ್ಬು ಮೇಲೇರಿತು. ಬೆರಳು ಹೋಗಿ ನಿಂತದ್ದು ಆ ಕರಪತ್ರದ ಮೇಲೆ. "ಇದಕ್ಕೆ ವರ್ಷ ಯಾಕಿಲ್ಲ?" ಹುಡುಕಿದ್ದೇವೆ ಸರ್, ಅದರಲ್ಲಿ ಅಚ್ಚಾಗಿಲ್ಲ, ಗೊತ್ತಿಲ್ಲ ಎಂದೆ. ಅವರು ಬೆನ್ನು ಹಿಂದಕ್ಕೆ ಚಾಚಿ ಕೂತರು. "ನನಗೂ ಗೊತ್ತಿಲ್ಲಮ್ಮ. ಹದಿನೈದು ವರ್ಷದಿಂದ ಹುಡುಕ್ತಾ ಇದೀನಿ. ಇಲ್ಲಿವರೆಗೆ ನಾಲ್ಕು ಜನ ನಾಲ್ಕು ಬೇರೆಬೇರೆ ವರ್ಷ ಬರ್ಕೊಂಡು ಬಂದಿದ್ರು. ಗೊತ್ತಿಲ್ಲ ಅಂದೋರು ನೀವೇ ಮೊದಲು."

ಎರಡು ಗಂಟೆ ಹೊತ್ತು ಹಿಂದುಹಿಂದಕ್ಕೆ ಬಂದು, ಮೊದಲ ಹಾಳೆ ತಲುಪಿ ಅಲ್ಲಿ ನಿಂತರು. ಕನ್ನಡಕ ತೆಗೆದರು.

"ಮಾಡ್ತಿತ್ತಾ?"

"ಏನು ಸರ್?"

"ಫ್ಯಾನು. ಸದ್ದು."

"ಮಾಡ್ತಿತ್ತು ಅಂತ ಅಪ್ಪ ಹೇಳ್ತಾರೆ ಸರ್."

"ಎಂಥ ಸದ್ದು?"

"ಅದು ಕೇಳಿಲ್ಲ ಸರ್. ಕಾಗದ ಬರೆದು ಕೇಳ್ತೀನಿ."

"ಪದವಿಗೋಸ್ಕರ ಅಲ್ಲಮ್ಮ. ಪದವಿ ಆಯ್ತು. ಸುಮ್ನೆ ಕೇಳಿದೆ" ಎಂದು ಎದ್ದು ಕೈ ಮುಗಿದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಗೈಡ್ ಮೇಡಂ ತಂದ ಟೀ ಕುಡಿದೆ. ಬಿಸಿಲಿತ್ತು. ಎದ್ದು ಹೋಗಬೇಕಾದ ಜಾಗ ಯಾವುದೂ ಇರಲಿಲ್ಲ.

ಈಗ ನನಗೂ ತಿಳಿಯಬೇಕೆನಿಸಿದೆ. ಎಂಥ ಸದ್ದು ಮಾಡುತ್ತಿತ್ತು, ಅಪ್ಪಾ? ಈ ಭಾನುವಾರ ಅಲ್ಲ, ಅದರ ಮುಂದಿನ ಭಾನುವಾರ ಬರುತ್ತೇನೆ. ಅಷ್ಟರೊಳಗೆ ಹೇಳಬೇಕೆಂದರೆ ಫೋನು ಮಾಡಿ. ಮಾಡಬಹುದು.

ನಿಮ್ಮ ಮಗಳು


15 ಜೂನ್

ಡಾಕ್ಟರ್ ಮಗಳೇ!

ನಿನ್ನ ಕಾಗದವನ್ನು ಮಧ್ಯಂತರದಲ್ಲಿ ಪರದೆಯ ಹಿಂದೆ ಎಲ್ಲರಿಗೂ ಓದಿ ಹೇಳಿದೆ. ರಾಜಾಪಾರ್ಟಿನವರು ಕಿರೀಟ ತೆಗೆದು ನನ್ನ ತಲೆಯ ಮೇಲಿಟ್ಟರು. ಮ್ಯಾನೇಜರು ಮೂರನೇ ಗಂಟೆ ಬಾರಿಸುವುದನ್ನೇ ಮರೆತರು. ಪ್ರೇಕ್ಷಕರು ಕೂಗಾಡಿದರು, ಕೂಗಾಡಲಿ!

ಫೋನು ತಿರುಗಿಸಲು ಹೋದೆ. ಆದರೆ ನೀನು ಕೇಳಿದ್ದಕ್ಕೆ ನೋಡದೆ ಉತ್ತರ ಕೊಡಬಾರದೆಂದು ಮೊದಲು ನಿನ್ನಮ್ಮನಿದ್ದ ದೊಡ್ಡಾಸ್ಪತ್ರೆಗೆ ಹೋದೆ. ಆರು ವರ್ಷದಿಂದ ಆ ಬೀದಿಗೇ ಕಾಲಿಟ್ಟಿರಲಿಲ್ಲ. ವಾರ್ಡಿನ ಬಾಗಿಲಲ್ಲಿ ಹೊಸ ಸಿಸ್ಟರು ತಡೆದು "ಯಾರನ್ನ ನೋಡ್ಬೇಕು?" ಎಂದರು.

"ಫ್ಯಾನನ್ನ" ಎಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮುಟ್ಟಬೇಡಿ ಅಷ್ಟೆ" ಎಂದು ಬಿಟ್ಟರು.

ಕಿಟಕಿಯಿಂದ ಎರಡನೇ ಹಾಸಿಗೆಯಲ್ಲಿ ಮಂಡಿ ಆಪರೇಷನ್ನಿನ ಅಜ್ಜಿಯೊಬ್ಬರು ಇದ್ದರು. ಮೇಲೆ ನೋಡಿದೆ. ಹೊಸ ಫ್ಯಾನು, ಬಿಳೀದು. ಸದ್ದೇ ಇಲ್ಲ. ಹಳೆಯದನ್ನು ಯಾವಾಗ ತೆಗೆದರೆಂದು ಯಾರಿಗೂ ಗೊತ್ತಿಲ್ಲ. ಕತ್ತೆತ್ತಿ ನಿಂತು ನೆನಪಿಸಿಕೊಳ್ಳಲು ನೋಡಿದೆ. ಟಕಟಕ ಅನ್ನುತ್ತಿತ್ತೇ, ಕಿರ್ ಅನ್ನುತ್ತಿತ್ತೇ? ಒಳ್ಳೊಳ್ಳೆಯ ಸದ್ದುಗಳು ನಾಲಿಗೆಯ ತುದಿಗೆ ಬಂದವು, ಮಗಳೇ. ಒಂದಕ್ಕಿಂತ ಒಂದು ಚೆನ್ನಾಗಿದ್ದವು.

ನನಗೆ ನೆನಪಿಲ್ಲ. ಸದ್ದು ಇತ್ತು, ಅಷ್ಟು ನಿಜ. ಎಂಥದೆಂದು ಗೊತ್ತಿಲ್ಲ. ಮೇಷ್ಟ್ರಿಗೂ ಹಾಗೇ ಹೇಳು.

"ಎಷ್ಟೊತ್ತು ಅಂತ ನಿಂತಿರ್ತೀರಿ, ಕೂತ್ಕೊಳ್ಳಿ" ಎಂದರು ಅಜ್ಜಿ. ಕುರ್ಚಿ ಎಳೆದುಕೊಂಡು ಕೂತೆ. ಕಿಟಕಿಯಿಂದ ಗಾಳಿ ಬರುತ್ತಿತ್ತು. ಅವರು ತಮ್ಮ ಮಂಡಿಯ ಕಥೆ ಶುರು ಮಾಡಿ, ಯಾವುದೋ ಡಾಕ್ಟರ ಹೆಸರು ಮರೆತು, ಅರ್ಧಕ್ಕೆ ನಿಂತರು. ನಾನು ಕಾದೆ. ಬಹಳ ಹೊತ್ತಾದ ಮೇಲೆ ಅವರಿಗೇ ಹೆಸರು ನೆನಪಾಯಿತು, ಸಂತೋಷದಿಂದ ನನ್ನ ಕೈ ತಟ್ಟಿದರು.

ಅಪ್ಪ